ಮನೆ ಮದುವೆಗೆ ಕ್ಯಾಮೆರಾ ಬಾಡಿಗೆಗೆ ತರಲಾ?

ಮದುವೆ ಸೀಸನ್ ಬಂತೆಂದರೆ ನನಗೆ ಈ ಪ್ರಶ್ನೆ ಗ್ಯಾರಂಟಿ. "ಮುಂದಿನ ತಿಂಗಳು ಅಕ್ಕನ ಮದುವೆ. ಫೋಟೋಗ್ರಾಫರ್ ಗೊತ್ತು ಮಾಡಿದ್ದಾರೆ. ಆದ್ರೂ ನಾನೂ ಒಂದಷ್ಟು ತೆಗೆಯೋಣ ಅಂತ. ಒಂದು ದೊಡ್ಡ ಕ್ಯಾಮೆರಾ ಬಾಡಿಗೆಗೆ ತರಲಾ?"

ಕ್ಯಾಮೆರಾ ಬೇಡ, ಲೆನ್ಸ್ ತನ್ನಿ. ಅದೂ ಒಂದೇ ಒಂದು. ಒಂದು ದಿನದ ಬಾಡಿಗೆ ಜಾಸ್ತಿಯಾದರೂ ಸರಿ, ಮದುವೆಗೆ ಮೊದಲೇ ಮನೆಗೆ ತನ್ನಿ. ಇಷ್ಟೇ ನನ್ನ ಉತ್ತರ. ಆದರೆ ಇದನ್ನು ಕಲಿಯಲು ನಾನು ಚಿಕ್ಕಮ್ಮನ ಮಗಳ ಮದುವೆಯ ಮುಹೂರ್ತವನ್ನೇ ಕಳೆದುಕೊಂಡಿದ್ದೇನೆ.

ಆಗ ನನ್ನ ಬಳಿ ಇದ್ದದ್ದು ಕ್ಯಾನನ್ 1200ಡಿ, ಅದರ ಜೊತೆಗೇ ಬಂದ 18-55 ಎಂಎಂ ಜೂಮ್ ಲೆನ್ಸ್ (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ತಂಗಿ ಮದುವೆ ಅಲ್ವಾ, ಇದರಲ್ಲಿ ಏನು ತೆಗೆಯೋದು ಅನ್ನಿಸಿತು. ಬೆಂಗಳೂರಿನ ಒಂದು ಅಂಗಡಿಯಿಂದ ಕ್ಯಾನನ್‌ನದೇ ದೊಡ್ಡ ಕ್ಯಾಮೆರಾ 5ಡಿ ಮಾರ್ಕ್ 4 ಮತ್ತು 70-200 ಲೆನ್ಸ್ ತಂದೆ. ತಂದದ್ದು ಹಿಂದಿನ ಸಂಜೆ ಏಳು ಗಂಟೆಗೆ. ಎಂಟಕ್ಕೆ ವರಪೂಜೆ. ಬ್ಯಾಗ್ ತೆಗೆದು ನೋಡಲೂ ಪುರುಸೊತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆಯೂ ಅಷ್ಟು ದುಬಾರಿ ಸಾಮಾನಿಗೆ ಅರಿಶಿನ ಮೆತ್ತೀತು ಅಂತ ಒಳಗೇ ಇಟ್ಟು, ಹಳೆಯ ಕ್ಯಾಮೆರಾದಲ್ಲೇ ಕಾಶಿಯಾತ್ರೆ ತೆಗೆದೆ. ದೊಡ್ಡದು ಮುಹೂರ್ತಕ್ಕೆ ಅಂತ ಮೀಸಲು.

ಜೀರಿಗೆ ಬೆಲ್ಲ ಆಯಿತು, ಅಂತರಪಟ ಸರಿಯಿತು. ದೊಡ್ಡ ಕ್ಯಾಮೆರಾ ಎತ್ತಿದೆ. ಗುಂಡಿ ಅರ್ಧ ಒತ್ತಿದರೆ ಫೋಕಸ್ ಆಗಿ "ಪಿಪ್" ಅನ್ನಬೇಕು. ಅನ್ನಲಿಲ್ಲ. ಅಂದಿದ್ದರೂ ಗಟ್ಟಿಮೇಳದ ನಡುವೆ ಯಾರಿಗೆ ಕೇಳಬೇಕು? ಒಳಗೆ ನೋಡಿದರೆ ಎಲ್ಲ ಸ್ವಲ್ಪ ಮಂಜು. ಕನ್ನಡಕದ ಮೇಲೆ ಬೆವರು ಬಂದಿರಬೇಕು ಅಂದುಕೊಂಡೆ. ಸುತ್ತಲೂ ಅಕ್ಷತೆ ಬೀಳುತ್ತಿದೆ, ಹಿಂದಿನಿಂದ ಯಾರೋ ತಳ್ಳುತ್ತಿದ್ದಾರೆ. ಒತ್ತಿದ್ದೇ ಒತ್ತಿದ್ದು. ಟಕಟಕ ಅಂತ ಸದ್ದು ಮಾತ್ರ ಚೆನ್ನಾಗಿಯೇ ಬಂತು.

ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಮಂಟಪದ ಹಿಂದಿನ ಕಂಬಕ್ಕೆ ಸುತ್ತಿದ ಚೆಂಡುಹೂವಿನ ಒಂದೊಂದು ಎಸಳೂ ಎಣಿಸುವಷ್ಟು ಸ್ಪಷ್ಟ. ಮುಂದೆ ತಾಳಿ ಕಟ್ಟುತ್ತಿರುವ ಹುಡುಗ ಯಾರು ಅಂತಲೇ ಗೊತ್ತಾಗುತ್ತಿರಲಿಲ್ಲ. ನನಗಿಂತ ಮೊದಲು ಬಾಡಿಗೆಗೆ ತಂದವರು ಫೋಕಸ್ ಕೆಲಸವನ್ನು ಹಿಂದಿನ ಗುಂಡಿಗೆ ವರ್ಗಾಯಿಸಿದ್ದರು. ಅಭ್ಯಾಸ ಇರುವವರಿಗೆ ಅದೇ ಅನುಕೂಲ, ನನಗೆ ಅದು ಗೊತ್ತೇ ಇರಲಿಲ್ಲ. ಅವರು ತಮ್ಮ ಕಣ್ಣಿನ ಪವರಿಗೆ ತಕ್ಕಂತೆ ಕಣ್ಣಿಟ್ಟು ನೋಡುವ ಕಿಂಡಿಯ (ವ್ಯೂಫೈಂಡರ್) ಪಕ್ಕದ ಚಿಕ್ಕ ಚಕ್ರವನ್ನೂ ತಿರುಗಿಸಿದ್ದರು. ಹಾಗಾಗಿ ಫೋಕಸ್ ಆಗಿಲ್ಲ ಅನ್ನೋದೂ ನನಗೆ ಕಾಣಲಿಲ್ಲ. ಅಂಗಡಿಯವರು ವಾಪಸ್ ಬಂದ ಮೇಲೆ ಸರಿಮಾಡಿ ಇಡಬೇಕಿತ್ತು, ನಿಜ. ನಾನೂ ಒಮ್ಮೆ ನೋಡಬೇಕಿತ್ತು.

"ಫೋಟೋದವನು ತೆಗ್ದಿದಾನಲ್ಲ, ಬಿಡೋ" ಅಂದರು ಚಿಕ್ಕಮ್ಮ. ಅದು ಸಮಾಧಾನವೋ ಏಟೋ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಹೇಳುವುದು, ನಿಮ್ಮ ಕೈಗೆ ಪಳಗಿದ ಕ್ಯಾಮೆರಾ ಬಿಡಬೇಡಿ. ಛತ್ರದಲ್ಲಿ ಫೋಟೋ ಕೆಡುವುದು ಹೆಚ್ಚಾಗಿ ಬೆಳಕು ಸಾಲದೆ. ಲೆನ್ಸಿನ ಕಿಂಡಿ ಎಷ್ಟು ತೆರೆಯುತ್ತದೆ ಅನ್ನುವುದನ್ನು ಎಫ್ ಸಂಖ್ಯೆ ಹೇಳುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾ ಜೊತೆ ಬರುವ ಲೆನ್ಸ್ 55ಕ್ಕೆ ಜೂಮ್ ಮಾಡಿದಾಗ ಎಫ್ 5.6ಕ್ಕಿಂತ ಜಾಸ್ತಿ ತೆರೆದುಕೊಳ್ಳುವುದಿಲ್ಲ. ಎಫ್ 2.8 ಲೆನ್ಸ್ ಅದರ ನಾಲ್ಕರಷ್ಟು ಬೆಳಕು ಒಳಗೆ ಬಿಡುತ್ತದೆ. ಅದೇ ಹಳೇ ಕ್ಯಾಮೆರಾ, ಲೆನ್ಸ್ ಬದಲಾದರೆ ಫೋಟೋ ಬದಲಾಗುತ್ತದೆ. 50 ಎಂಎಂ ಎಫ್ 1.8 ಆದರೆ ಇನ್ನೂ ಹೆಚ್ಚು, ಆ 5.6ರ ಸುಮಾರು ಹತ್ತು ಪಟ್ಟು. ಅದನ್ನು ಬಾಡಿಗೆಗೆ ತರುವ ಬದಲು ಕೊಂಡುಬಿಡಿ. ಒಂದು ಸಾಧಾರಣ ಫೋನಿನ ಬೆಲೆಯೊಳಗೇ ಸಿಗುತ್ತದೆ. ಬಾಡಿಗೆಗೆ ತರಬೇಕಾದದ್ದು ಲಕ್ಷ ದಾಟುವ 70-200 ಎಫ್ 2.8 ಥರದ್ದು.

ಎರಡು ವರ್ಷದ ನಂತರ ಹೆಂಡತಿಯ ತಂಗಿ ಮದುವೆಗೆ ಅದೇ ಲೆನ್ಸನ್ನು ನನ್ನ 1200ಡಿಗೇ ಹಾಕಿದೆ. ಸುಮಾರು ಒಂದೂವರೆ ಕೆಜಿ ಭಾರ, ಅರ್ಧ ಗಂಟೆ ಹಿಡಿದರೆ ತೋಳು ಅಳುತ್ತದೆ. ಜೊತೆಗೆ 1200ಡಿ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, 200 ಎಂಎಂ ಅಂದರೆ 320ರಷ್ಟು ಹತ್ತಿರ ಕಾಣುತ್ತದೆ. ವೇದಿಕೆ ಮೇಲೆ ಹೋಗಿ ನಿಂತರೆ ಮೂಗು ಮಾತ್ರ ಸಿಗುತ್ತದೆ. ಹಾಗಾಗಿ ಕೆಳಗೆ, ಏಳನೇ ಸಾಲಿನ ಕುರ್ಚಿ ಪಕ್ಕ ನಿಂತೆ. ಮೇಲೆ ಫೋಟೋದವರು, ವಿಡಿಯೋದವರು, ಪುರೋಹಿತರು, ಎರಡೂ ಕಡೆಯ ಸೋದರಮಾವಂದಿರು. ಅಲ್ಲಿ ನನಗೇನು ಕೆಲಸ?

ಧಾರೆ ನಡೆಯುತ್ತಿತ್ತು. ಅತ್ತೆ ಚೊಂಬಿನಿಂದ ಹಾಲು ಹುಯ್ಯುತ್ತಿದ್ದರು. ಅವರ ಕಣ್ಣು ತೆಂಗಿನಕಾಯಿ ಮೇಲಿರಲಿಲ್ಲ, ಮಗಳ ಮುಖದ ಮೇಲಿತ್ತು. ಹಾಲು ನಿಧಾನಕ್ಕೆ ಪಕ್ಕಕ್ಕೆ ಸರಿದು ಪುರೋಹಿತರ ಪಂಚೆ ಮೇಲೆ ಬೀಳತೊಡಗಿತು. ಅವರು ಮಂತ್ರ ನಿಲ್ಲಿಸದೆ ಎಡಗೈಯಲ್ಲಿ ಮೆಲ್ಲಗೆ ಚೊಂಬನ್ನು ಸರಿಯಾದ ಜಾಗಕ್ಕೆ ತಳ್ಳಿದರು. ನಾಲ್ಕು ಫೋಟೋ ಸಿಕ್ಕವು. ವೇದಿಕೆ ಮೇಲಿದ್ದ ಯಾರಿಗೂ ಅದು ಸಿಕ್ಕಿರಲಿಲ್ಲ, ಅವರೆಲ್ಲ ಗಂಡು ಹೆಣ್ಣಿನ ಮುಖ ನೋಡುತ್ತಿದ್ದರು. ಆಲ್ಬಮ್ ಬಂದ ಮೇಲೂ ಅತ್ತೆ ಮನೆಯ ಗೋಡೆ ಮೇಲೆ ಇರುವುದು ಆ ನಾಲ್ಕರಲ್ಲಿ ಒಂದು.

ಇನ್ನು ತರುವ ವಿಷಯ. ಮುಹೂರ್ತ ಇರುವ ದಿನ ಊರಿನ ಎಲ್ಲ ಛತ್ರದಲ್ಲೂ ಮದುವೆ ಇರುತ್ತದೆ, ಎಲ್ಲರಿಗೂ ಅದೇ ಲೆನ್ಸ್ ಬೇಕು. ಛತ್ರ ಬುಕ್ ಮಾಡಿದ ವಾರವೇ ಇದನ್ನೂ ಹೇಳಿಡಿ. ಒಮ್ಮೆ ಹಿಡಿದು ನೋಡಬೇಕು ಅನ್ನಿಸಿದರೆ ಆಷಾಢದಲ್ಲೋ ಧನುರ್ಮಾಸದಲ್ಲೋ ಹೋಗಿ. ಅಂಗಡಿಯಲ್ಲಿ ಆಧಾರ್ ಕೇಳುತ್ತಾರೆ, ಡೆಪಾಸಿಟ್ಟೋ ಚೆಕ್ಕೋ ಕೇಳಬಹುದು. ಅದಕ್ಕೆ ಬೇಸರ ಬೇಡ. ಆದರೆ ಲೆನ್ಸ್ ಕೈಗೆ ಬಂದ ತಕ್ಷಣ, ಅವರ ಎದುರಿಗೇ, ಮುಂದೆ ಹಿಂದೆ ತಿರುಗಿಸಿ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಇರುವ ಗೀರು ಯಾರದ್ದು ಅನ್ನುವ ಜಗಳವೇ ಬರುವುದಿಲ್ಲ.

ಇಷ್ಟು ಹೇಳಿದ ಮೇಲೂ ಕೆಲವರು ಕ್ಯಾಮೆರಾವನ್ನೇ ತರುತ್ತಾರೆ, ಗೊತ್ತು. ತನ್ನಿ. ಆದರೆ ಮನೆಯಲ್ಲಿ ಅಮ್ಮನ ಒಂದು ಐವತ್ತು ಫೋಟೋ ತೆಗೆದು ನೋಡಿ. ಮೆನುವಿನಲ್ಲಿ ರಿಸೆಟ್ ಒತ್ತಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ, ಕೆಲವು ಕ್ಯಾಮೆರಾಗಳಲ್ಲಿ ಗುಂಡಿಗೆ ಕೊಟ್ಟ ಕೆಲಸ ಹಾಗೇ ಉಳಿದಿರುತ್ತದೆ. ನಿಮ್ಮ ಹಳೇ ಕ್ಯಾನನ್ ಲೆನ್ಸ್ ಮೇಲೆ ಇಎಫ್-ಎಸ್ ಅಂತ ಬರೆದಿದ್ದರೆ ಅದು 5ಡಿ ಥರದ ದೊಡ್ಡ ಸೆನ್ಸರಿನ (ಫುಲ್ ಫ್ರೇಮ್) ಕ್ಯಾಮೆರಾಗೆ ಕೂರುವುದೇ ಇಲ್ಲ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಆದರೆ ಸದ್ದಿಲ್ಲದ ಶಟರ್ ನೋಡಿ ಮರುಳಾಗಬೇಡಿ. ಎಲ್‌ಇಡಿ ಬೆಳಕಿನಲ್ಲಿ ಫೋಟೋ ತುಂಬ ಪಟ್ಟೆ ಪಟ್ಟೆ ಬರಬಹುದು. ಫ್ಲಾಶ್, ಅದನ್ನು ದೂರದಿಂದಲೇ ಹೊಡೆಸುವ ಟ್ರಿಗರ್ ತರುವುದಾದರೆ ಫೋಟೋಗ್ರಾಫರ್ ಹತ್ತಿರ ಮೊದಲೇ ಚಾನೆಲ್ ನಂಬರ್ ಕೇಳಿ. ಎರಡೂ ಒಂದೇ ಕಂಪನಿಯದ್ದಾಗಿ ಚಾನೆಲ್ಲೂ ಒಂದೇ ಆದರೆ, ನೀವು ಗುಂಡಿ ಒತ್ತಿದಾಗ ಅವರ ದೀಪ ಹೊಡೆಯುತ್ತದೆ. ಆಮೇಲೆ ಅವರು ನಿಮ್ಮನ್ನು ನೋಡುವ ನೋಟ ಇದೆಯಲ್ಲ!

ವಾಪಸ್ ಕೊಡುವ ಮುಂಚೆ ಲೆನ್ಸಿನ ಮೂತಿಗೆ ಹಾಕುವ ಹುಡ್ ಬಿಚ್ಚಿ ಒರೆಸಿ. ಎರಡನೇ ಸಲ ನಾನು ಅದೊಂದನ್ನು ಮರೆತಿದ್ದೆ. ಅಂಗಡಿ ಹುಡುಗ ಹುಡ್ ತಿರುಗಿಸಿ ತೆಗೆದ. ಗಾಜಿನ ಕೌಂಟರ್ ಮೇಲೆ ಆರೇಳು ಹಳದಿ ಅಕ್ಕಿಕಾಳು ಉದುರಿದವು. ಅವನು ಟಾರ್ಚ್ ಹಾಕಿ ಗಾಜನ್ನೆಲ್ಲ ನೋಡಿ, ಅಕ್ಷತೆಯನ್ನು ಒಂದು ಕಾಗದದ ಚೂರಿಗೆ ಗುಡಿಸಿಕೊಂಡ.

"ಇವತ್ತು ನಿಮ್ಮದು ಮೂರನೇದು ಸಾರ್" ಅಂದ.