ಹಿತ್ತಿಲ ಕೊಟ್ಟಿಗೆಯ ಕಬ್ಬಿಣದ ಚೌಕಟ್ಟು: ತುಳುವರ ಸೋಣ ತಿಂಗಳವರೆಗಿನ ವೆಲ್ಡಿಂಗ್ ಕೆಲಸ

ತೆಂಗಿನಕಾಯಿ ಮತ್ತು ಕಟ್ಟಿಗೆ ಒಟ್ಟಲೆಂದು ಉಡುಪಿಯ ನಮ್ಮ ಮನೆಯ ಹಿತ್ತಿಲಲ್ಲಿ ಕಟ್ಟುತ್ತಿರುವ ಕೊಟ್ಟಿಗೆಯ ಕಂಬಗಳು ನಿಂತಿವೆ. ಅಡ್ಡಪೈಪುಗಳ ಬೆಸುಗೆ ಅರ್ಧದಷ್ಟು ಮುಗಿದಿದೆ. ಕೆಲಸ ನಿಧಾನವಾಗಿ ಸಾಗುತ್ತಿರುವುದು ಮಳೆಯಿಂದ ಮಾತ್ರವಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಬೀಳುವ ಬಿಸಿಲಿಗೆ ಮೈಯೆಲ್ಲ ಬೆವರಿ ಕೈಗವಸು ಒಳಗಿನಿಂದಲೇ ಒದ್ದೆಯಾಗುತ್ತದೆ, ಹಾಗೆ ಒದ್ದೆಯಾದ ಕೈಯಲ್ಲಿ ವೆಲ್ಡಿಂಗ್ ರಾಡ್ ಸಿಕ್ಕಿಸುವ ಹೋಲ್ಡರ್ ಹಿಡಿಯಬಾರದೆಂಬುದು ಈ ಕೆಲಸದಲ್ಲಿ ನಾನು ಸಡಿಲಿಸದ ನಿಯಮ.

ಆರ್ಕ್ ವೆಲ್ಡಿಂಗ್ ಯಂತ್ರದಲ್ಲಿ ಕಿಡಿ ಹೊತ್ತದೆ ಸುಮ್ಮನೆ ಇರುವಾಗ ರಾಡಿಗೂ ಕೆಲಸದ ಕಬ್ಬಿಣಕ್ಕೂ ನಡುವೆ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಮನೆಯ 230 ವೋಲ್ಟಿನ ಮುಂದೆ ಇದು ಅಲ್ಪವೆಂದು ಹಲವರು ಭಾವಿಸುತ್ತಾರೆ. ಆದರೆ ಒಣ ಚರ್ಮ ತಡೆಯುವಷ್ಟು ವಿದ್ಯುತ್ತನ್ನು ಬೆವರಿನ ಉಪ್ಪುನೀರಲ್ಲಿ ನೆನೆದ ಚರ್ಮ ತಡೆಯದು, ಕೆಳಗೆ ಹಸಿ ನೆಲವೂ ಹಿಂದೆ ಒದ್ದೆ ಕಬ್ಬಿಣದ ಕಂಬವೂ ಇದ್ದರೆ ಅಷ್ಟೇ ವೋಲ್ಟ್ ಪ್ರಾಣಕ್ಕೆ ಸಾಕು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆಯೆಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರ್ ರಾಡಿನ ಕಡೆಯ ವಿದ್ಯುತ್ತನ್ನು ಮನೆಯ ಲೈನಿನಿಂದ ಬೇರ್ಪಡಿಸಿರುವುದರಿಂದ, ರಾಡಿನಿಂದ ಶಾಕ್ ಹೊಡೆದರೆ ಆರ್‌ಸಿಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ.

ಆದ್ದರಿಂದ ನಿಲ್ಲುವ ಜಾಗದಲ್ಲಿ ಒಣ ಮರದ ಹಲಗೆ ಹಾಸಿ ಅದರ ಮೇಲೆ ರಬ್ಬರ್ ಚಾಪೆ ಹಾಕಿದ್ದೇನೆ. ಚರ್ಮದ ಕೈಗವಸು ಎರಡು ಜೊತೆ ಇವೆ: ಒಂದು ಕೈಯಲ್ಲಿರುವಾಗ ಇನ್ನೊಂದು ಬಚ್ಚಲ ಒಲೆಯ ಪಕ್ಕದಲ್ಲಿ ಒಣಗುತ್ತಿರುತ್ತದೆ. ರಾಡ್ ಬದಲಿಸುವುದೂ ಕೈಗವಸಿನಲ್ಲೇ. ಎರಡೂ ಕೈ ಬೇಕಾದಾಗ ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವ ರೂಢಿ ಅನುಭವಸ್ಥರಲ್ಲೂ ಕಾಣುತ್ತದೆ. ಎದೆಗೆ ಅಷ್ಟು ಹತ್ತಿರ, ಅದೂ ಬೆವರಿದ ಜಾಗದಲ್ಲಿ, ಅದನ್ನು ಇಟ್ಟುಕೊಳ್ಳುವುದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲವೆಂದು ನನ್ನ ಭಾವನೆ. ಹೋಲ್ಡರ್ ತೂಗುಹಾಕಲು ಮರದ ಗೂಟವೊಂದನ್ನು ನೆಟ್ಟಿದ್ದೇನೆ. ಅರ್ತ್ ಕ್ಲ್ಯಾಂಪನ್ನು (ವಿದ್ಯುತ್ತು ಯಂತ್ರಕ್ಕೆ ಮರಳುವ ತಂತಿಯ ಇಕ್ಕಳ) ಬೆಸೆಯುವ ಪೈಪಿಗೇ, ತುಕ್ಕು ಕೆರೆದ ಜಾಗದಲ್ಲಿ, ಬೆಸುಗೆಗೆ ಆದಷ್ಟು ಹತ್ತಿರ ಹಾಕುತ್ತೇನೆ. ಹನಿ ಬಿದ್ದ ಕೂಡಲೇ ಮೇನ್ ಸ್ವಿಚ್ ಬಂದ್.

ಕಣ್ಣಿನ ವಿಷಯದಲ್ಲಿ ನನಗೆ ನನ್ನದಕ್ಕಿಂತ ಹೆಚ್ಚು ಚಿಂತೆ ಪೈಪು ಹಿಡಿಯಲು ಬರುವ ಅಣ್ಣನ ಮಗನದು. 2.5 ಮಿಲಿಮೀಟರ್ ರಾಡಿಗೆ ನಾನು 70–80 ಆಂಪಿಯರ್ ಇಡುತ್ತೇನೆ, ಅದಕ್ಕೆ 10ನೆಯ ಶೇಡಿನ (ಕಪ್ಪಿನ ಮಟ್ಟದ) ಗಾಜು ಸರಿಹೋಗುತ್ತದೆ. ಅವನಿಗೂ ಅಂಥದೇ ಗಾಜಿನ ಇನ್ನೊಂದು ಹೆಲ್ಮೆಟ್ ತಂದಿದ್ದೇನೆ. ‘ಆಚೆ ನೋಡು ಮಗಾ’ ಎಂದರೆ ಸಾಲದು, ಏಕೆಂದರೆ ಅತಿನೇರಳೆ ಕಿರಣ ಹೊಳೆಯುವ ತಗಡಿನಿಂದ ಚಿಮ್ಮಿ ಪಕ್ಕದಿಂದಲೂ ಕಣ್ಣಿಗೆ ತಾಗುತ್ತದೆ. ಪೆಟ್ಟು ತಿಂದ ಕ್ಷಣದಲ್ಲಿ ಏನೂ ತಿಳಿಯುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಹೊಕ್ಕಂತೆ ಉರಿ ಶುರುವಾಗುತ್ತದೆ. ಆಗ ಹಾಲು ಬಿಡುವುದು, ಆಲೂಗಡ್ಡೆ ಹೋಳು ಇಡುವುದು ಬೇಡ, ಗಾಯಗೊಂಡ ಕಣ್ಣಿಗೆ ಸೋಂಕು ತಗಲಬಹುದು. ಕಣ್ಣಿನ ವೈದ್ಯರನ್ನೇ ಕಾಣಬೇಕು.

ಹೊಗೆಯ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಸ್ವಲ್ಪ ಜಟಿಲವಾದದ್ದು. ಸಮುದ್ರದ ಗಾಳಿಗೆ ಬರಿಯ ಕಬ್ಬಿಣ ಬಾಳದೆಂದು ಇಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನೇ ಬಳಸುತ್ತೇವೆ. ಅದರ ಸತುವಿನ ಲೇಪ 907 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ಆರ್ಕಿನ ಶಾಖಕ್ಕೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ, ಮೈಕೈ ನೋವು ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಹಾಲು ಕುಡಿದರೆ ಹೊಗೆ ತಾಗದೆಂಬ ನಂಬಿಕೆಗೆ ಆಧಾರವಿಲ್ಲ. ಬೆಸುಗೆಯ ಎರಡೂ ಬದಿಗೆ ಎರಡು ಮೂರು ಸೆಂಟಿಮೀಟರ್ ಲೇಪವನ್ನು ಗ್ರೈಂಡರಿನಲ್ಲಿ, ಮಾಸ್ಕ್ ಹಾಕಿಕೊಂಡು, ತೆಗೆಯುತ್ತೇನೆ. ಪೈಪಿನ ಒಳಗಿನ ಲೇಪ ಹೇಗೂ ಉಳಿಯುವುದರಿಂದ ಹೊಗೆ ಮುಖಕ್ಕೆ ಬಾರದಂತೆ ಪಕ್ಕದಿಂದ ಫ್ಯಾನ್ ಇಡುತ್ತೇನೆ. ಮಳೆಗೆಂದು ಕಟ್ಟಿದ ಟಾರ್ಪಾಲನ್ನು ಸುತ್ತಲೂ ಇಳಿಬಿಟ್ಟರೆ ಹೊಗೆ ಒಳಗೇ ನಿಲ್ಲುತ್ತದೆ, ಕಿಡಿ ತಾಗಿದಲ್ಲಿ ಪ್ಲಾಸ್ಟಿಕ್ ಕರಗುತ್ತದೆ. ಹೀಗಾಗಿ ಅದನ್ನು ಎತ್ತರಕ್ಕೆ ಕಟ್ಟಿ ಮೂರು ಬದಿ ತೆರೆದಿಟ್ಟಿದ್ದೇನೆ. ಲೇಪ ಹೋದ ಜಾಗಕ್ಕೆ ಕೊನೆಯಲ್ಲಿ ಸತು ತುಂಬಿದ ಪೇಂಟ್ ಬಳಿಯಬೇಕು.

ಕೊಟ್ಟಿಗೆಯ ಬಡಗು ಮೂಲೆಯ ಬೆಸುಗೆಗಳು ಹಾಗೇ ಉಳಿದಿವೆ, ಏಕೆಂದರೆ ಅಲ್ಲಿ ತೆಂಗಿನ ಸಿಪ್ಪೆಯ ರಾಶಿಯಿದೆ. ಕಿಡಿ ಹತ್ತು ಮೀಟರ್ ದೂರಕ್ಕೂ ಹಾರಬಲ್ಲದು. ಮೇಲೆ ಒದ್ದೆಯಿರುವ ಸಿಪ್ಪೆಯೂ ಒಳಗೊಳಗೇ ಹೊಗೆಯಾಡಿ ಬಹಳ ಹೊತ್ತಿನ ನಂತರ ಹೊತ್ತಿಕೊಳ್ಳಬಹುದು. ರಾಶಿಯನ್ನೂ ಒಣ ಮಡಲುಗಳನ್ನೂ ಅಂಗಳದಾಚೆ ಸಾಗಿಸಿದ ಮೇಲೆಯೇ ಅಲ್ಲಿ ರಾಡ್ ಹಚ್ಚುವುದು. ಕೈಗೆಟುಕುವಲ್ಲಿ ಮರಳಿನ ಬಕೆಟ್ ಇರುತ್ತದೆ, ಕೆಲಸ ಮುಗಿದ ಬಳಿಕ ಕನಿಷ್ಠ ಅರ್ಧ ಗಂಟೆ ಅಲ್ಲೇ ಕಾಯುತ್ತೇನೆ.

ಮಾಡಿನ ತ್ರಿಕೋನಗಳನ್ನು ಮೇಲೆ ಹತ್ತಿ ಬೆಸೆಯುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ನಮ್ಮಲ್ಲಿರುವುದು ಅಲ್ಯೂಮಿನಿಯಂ ಏಣಿ. ಅದರ ಮೇಲೆ ನಿಂತು ಹೋಲ್ಡರ್ ಹಿಡಿಯುವುದು ಸಲ್ಲದು, ಸಣ್ಣ ಶಾಕ್ ಹೊಡೆದರೂ ಬೆಚ್ಚಿ ಬೀಳುವ ಭಯವಿದೆ. ತ್ರಿಕೋನಗಳನ್ನು ಅಂಗಳದ ಹಲಗೆಯ ಮೇಲೆಯೇ ಬೆಸೆದು, ಎತ್ತಿ, ಕಂಬದ ತಲೆಯ ಪ್ಲೇಟಿಗೆ ಬೋಲ್ಟಿನಿಂದ ಬಿಗಿಯುವುದೆಂದು ನಿಶ್ಚಯಿಸಿ ಪ್ಲೇಟುಗಳಿಗೆ ತೂತು ಕೊರೆಸಿ ತಂದಿದ್ದೇನೆ.