ಮೋಲ್ಡ್‌ಗೆ ಹತ್ತು ದಿನ ಮುಂಚೆ

ಮನೆ ಕಟ್ಟುವಾಗಿನ ಜಗಳಗಳಲ್ಲಿ ಮುಕ್ಕಾಲು ಪಾಲು ಶುರುವಾಗುವುದು ಮೋಲ್ಡ್ (ಸೂರಿನ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವುದು) ಆದಮೇಲೆ. ಪ್ಲಂಬರ್ ಬಂದು ‘ಇಲ್ಲಿ ತೂತು ಬಿಟ್ಟಿಲ್ಲವಲ್ಲ’ ಅನ್ನುತ್ತಾರೆ, ಮೇಸ್ತ್ರಿ ‘ನೀವು ಹೇಳಲೇ ಇಲ್ಲ’ ಅನ್ನುತ್ತಾರೆ. ಗಟ್ಟಿಯಾದ ಕಾಂಕ್ರೀಟ್ ಕೊರೆಯುವ ಕೋರ್ ಕಟಿಂಗ್ ಖರ್ಚು ಮಾತ್ರ ಮಾಲೀಕರ ತಲೆಗೆ. ಇಬ್ಬರ ಮಾತೂ ನಿಜವೇ. ಮೇಸ್ತ್ರಿಗೆ ಚದರದ (ನೂರು ಚದರಡಿ) ಲೆಕ್ಕದಲ್ಲಿ ಕೂಲಿ, ಎಲೆಕ್ಟ್ರಿಷಿಯನ್‌ಗೆ ಪಾಯಿಂಟಿನ ಲೆಕ್ಕದಲ್ಲಿ, ಪ್ಲಂಬರ್‌ಗೆ ಬಾತ್‌ರೂಮಿಗೆ ಇಷ್ಟು ಅಂತ. ಒಟ್ಟಿಗೆ ಕೂತು ಮಾತಾಡುವುದಕ್ಕೆ ಯಾರಿಗೂ ಒಂದು ಪೈಸೆ ಹುಟ್ಟುವುದಿಲ್ಲ.

ಆದ್ದರಿಂದ ಮೋಲ್ಡ್ ತಾರೀಖನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಹತ್ತು ದಿನ ಮುಂಚೆ ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಮೇಸ್ತ್ರಿ, ಕಂಬಿ ಕಟ್ಟುವವರು, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರೂ ಸೈಟಿನಲ್ಲೇ ಸೇರಬೇಕು. ಒಂದೇ ಹಾಳೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ನು. ನಾಲ್ಕು ಜನ ನಾಲ್ಕು ಡ್ರಾಯಿಂಗ್ ಹಿಡಿದುಕೊಂಡರೆ ಆ ಸಭೆ ಕಾಫಿಗಷ್ಟೇ ಸರಿ.

ಮೊದಲು ತೀರ್ಮಾನವಾಗಬೇಕಾದದ್ದು ಬಾತ್‌ರೂಮಿನ ಸಂಕನ್, ಅಂದರೆ ಪೈಪು ಹಾಸಲು ಸ್ಲ್ಯಾಬನ್ನು ಎಷ್ಟು ತಗ್ಗಿಸಬೇಕು ಎಂಬುದು. ವೆಸ್ಟರ್ನ್ ಕಮೋಡ್‌ನಿಂದ ಹೊರಗೋಡೆಗೆ 1.8 ಮೀಟರ್ ಇದೆ ಅನ್ನಿ. 60ಕ್ಕೆ 1ರಂತೆ ಇಳಿಜಾರು ಕೊಟ್ಟರೆ 30 ಮಿ.ಮೀ. ಪೈಪು 110. ವಾಟರ್‌ಪ್ರೂಫಿಂಗ್ ಮತ್ತು ಪೈಪಿನ ಕೆಳಗಿನ ಹಾಸು 50, ಮೇಲೆ ಗಾರೆ, ಟೈಲ್ಸ್ 60. ಒಟ್ಟು 250 ಮಿ.ಮೀ., ಅಂದರೆ ಹತ್ತಿಂಚು. ‘ಅಮ್ಮನಿಗೆ ಇಂಡಿಯನ್ ಕಮೋಡೇ ಬೇಕು’ ಅಂತ ಮನೆಯವರು ಹೇಳಿದರೋ, ವಾಸನೆ ತಡೆಯಲು ನೀರು ನಿಲ್ಲಿಸುವ ಟ್ರ್ಯಾಪ್ ಸೇರಿ 450 ಬೇಕಾಗುತ್ತದೆ. ಅದರ ಕೆಳಗೆ 125 ಮಿ.ಮೀ. ಸ್ಲ್ಯಾಬು ಸೇರಿದರೆ 575. ಬೀಮಿನ ಆಳ ಇರುವುದೇ 450! ತಗ್ಗಿಸಿದ ಸ್ಲ್ಯಾಬಿಗೆ ಕೂರಲು ಜಾಗವೇ ಇಲ್ಲ, ಎಂಜಿನಿಯರ್ ಬೀಮಿನ ಆಳವನ್ನು 600ಕ್ಕೆ ಹೆಚ್ಚಿಸಬೇಕು. ಮಹಡಿಯಿಂದ ಮಹಡಿಗೆ ಹತ್ತಡಿ ಇಟ್ಟಿದ್ದರೆ ಕೆಳಗಿನ ಬಾತ್‌ರೂಮಿನ ಸೂರು ಎಂಟಡಿಗೆ ಬರುತ್ತದೆ, ಗೀಸರ್, ವೆಂಟಿಲೇಟರ್ ಎತ್ತರಗಳನ್ನೆಲ್ಲ ಹೊಸದಾಗಿ ಗುರುತಿಸಬೇಕು. ಒಂದು ಕಮೋಡಿನ ಮಾತು ನಾಲ್ಕು ಜನರ ಕೆಲಸ ಬದಲಿಸಿತು. ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿಯುವ ಹಲಗೆ) ಹೊಡೆಯುವ ಮುಂಚೆ ಇದು ಐದು ನಿಮಿಷದ ಚರ್ಚೆ.

ಆಮೇಲೆ ಬೀಮಿನಲ್ಲಿ ತೂರುವ ಪೈಪುಗಳು: ಎಸಿಯದು, ಚಿಮಣಿಯದು, ಮಳೆನೀರಿನದು. ಸ್ಲೀವ್ (ಪೈಪು ತೂರಲು ಮೊದಲೇ ಇಡುವ ಕೊಳವೆ) ಇಡುವುದಿದ್ದರೆ ಬೀಮಿನ ಎತ್ತರದ ನಡುಭಾಗದಲ್ಲಿ, ಪಿಲ್ಲರಿನಿಂದ ದೂರ, ಎರಡು ರಿಂಗುಗಳ (ಉದ್ದ ಕಂಬಿಗಳನ್ನು ಸುತ್ತುವ ಕಂಬಿ) ಮಧ್ಯೆ, ಎಂಜಿನಿಯರ್ ಒಪ್ಪಿದ ಜಾಗದಲ್ಲೇ. ಪಿಲ್ಲರ್ ಹತ್ತಿರ ಶಿಯರ್ (ಬೀಮನ್ನು ಕತ್ತರಿಸುವಂಥ ಒತ್ತಡ) ಹೆಚ್ಚು, ಅಲ್ಲಿ ರಿಂಗುಗಳೂ ಒತ್ತೊತ್ತಾಗಿರುತ್ತವೆ. ಆಮೇಲೆ ಕೊರೆದರೆ ಕತ್ತರಿಸಿ ಹೋಗುವುದು ಅವೇ.

ಎಲೆಕ್ಟ್ರಿಷಿಯನ್ ಬರುವ ದಿನವನ್ನು ಸಡಿಲ ಬಿಡಬೇಡಿ. ಕೆಳಗಿನ ಕಂಬಿ ಹಾಸಿದ ಮೇಲೆ, ಮೇಲಿನ ಕಂಬಿ ಕಟ್ಟುವ ಮುಂಚೆ, ಆ ನಡುವೆಯೇ ಕಂಡ್ಯೂಟ್ (ವೈರಿನ ಪೈಪು) ಎಳೆಯಬೇಕು. ತಡವಾಗಿ ಬಂದವರು ಪೈಪನ್ನು ಕಂಬಿಯ ಅಡಿಗೆ ತುರುಕುತ್ತಾರೆ. ಕಂಬಿಯ ಕೆಳಗೆ 20 ಮಿ.ಮೀ. ಕಾಂಕ್ರೀಟ್ ಕವರ್ ಇರಬೇಕಾದಲ್ಲಿ 25ರ ಪೈಪು ಕೂತರೆ ವರ್ಷದೊಳಗೆ ಸೂರಿನಲ್ಲಿ ಪೈಪಿನ ಗುಂಟ ಬಿರುಕು. ಡಿಬಿ (ವೈರುಗಳು ಹಂಚಿಕೆಯಾಗುವ ಪೆಟ್ಟಿಗೆ) ಬಳಿ ಪೈಪುಗಳನ್ನು ಜಡೆ ಹೆಣೆದ ಹಾಗೆ ಒಟ್ಟು ಕಟ್ಟುವುದೂ ಇದೆ, ನಡುವೆ ಜಲ್ಲಿ ಇಳಿಯುವುದಿಲ್ಲ. ಮಧ್ಯದಿಂದ ಮಧ್ಯಕ್ಕೆ 75 ಮಿ.ಮೀ. ಅಂತರವಾದರೂ ಇರಲಿ.

ಕಾಂಕ್ರೀಟ್ ಲೆಕ್ಕ ಸುಲಭ. ಹತ್ತು ಚದರಕ್ಕೆ, ಅಂದರೆ 93 ಚ.ಮೀ.ಗೆ, 125 ಮಿ.ಮೀ. ದಪ್ಪದಂತೆ 11.6 ಘನ ಮೀಟರ್, ಬೀಮುಗಳಿಗೆ ಇನ್ನೊಂದು ನಾಲ್ಕೂವರೆ. ಆರು ಘನ ಮೀಟರಿನ ಮೂರು ರೆಡಿಮಿಕ್ಸ್ ಗಾಡಿ. ಲೋಡಾದ ಎರಡು ಗಂಟೆಯೊಳಗೆ ಇಳಿಸಬೇಕು. ಗಾಡಿ ಗೇಟಿನಲ್ಲಿ ನಿಂತಾಗ ಪ್ಲಂಬರ್‌ಗೆ ಫೋನು ಮಾಡುವುದು ನಮ್ಮಲ್ಲಿ ಮಾಮೂಲಿ, ಅದರಿಂದ ಕೆಟ್ಟ ಸ್ಲ್ಯಾಬುಗಳೂ ಮಾಮೂಲಿ.

ದುಡ್ಡಿನ ಏರ್ಪಾಡಿಗೆ ದೊಡ್ಡವರಿಂದ ಒಂದು ಪಾಠ ಕಲಿಯಬಹುದು. ಲಂಡನ್ ಹೀಥ್ರೋದ 5ನೇ ಟರ್ಮಿನಲ್ ಕಟ್ಟಿಸಿದ ವಿಮಾನ ನಿಲ್ದಾಣ ಕಂಪನಿ ಬಿಎಎ, ಅಪಾಯದ ಹೊಣೆಯನ್ನು ಕಂಟ್ರಾಕ್ಟರುಗಳ ಮೇಲೆ ಹೊರಿಸದೆ ತಾನೇ ಹೊತ್ತಿತು, ಅವರಿಗೆ ಖರ್ಚಿನ ಜೊತೆಗೆ ಲಾಭವನ್ನೂ ಗೊತ್ತುಮಾಡಿತು. ತಪ್ಪು ಯಾರದು ಎಂದು ಕಾಗದ ಬರೆಯುವ ಬದಲು ಎಲ್ಲರೂ ಸೇರಿ ಸರಿಪಡಿಸಲಿ ಎನ್ನುವ ಲೆಕ್ಕ. ಅದು 2008ರ ಮಾರ್ಚ್‌ನಲ್ಲಿ ತೆರೆಯಿತು. (ಮೊದಲ ದಿನ ಪ್ರಯಾಣಿಕರ ಬ್ಯಾಗುಗಳು ದಿಕ್ಕಾಪಾಲಾದವು, ಆ ಕತೆ ಬೇರೆ.) ಮನೆಯ ಮಟ್ಟಿಗೆ ಹೀಗೆ ಮಾಡಬಹುದು: ರಿಪೇರಿಗೆಂದು ಒಂದಿಷ್ಟು ಹಣ ಬೇರೆ ತೆಗೆದಿಡಿ. ಒಡೆದು ಕಟ್ಟುವ ಖರ್ಚೆಲ್ಲ ಅದರಲ್ಲೇ ಹೋಗಲಿ, ಉಳಿದದ್ದನ್ನು ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಹಂಚಿಕೊಳ್ಳಲಿ ಅಂತ ಮೊದಲೇ ಬರೆದುಕೊಳ್ಳಿ. ಮೂವರೂ ಹಾಳೆಗೆ ಸಹಿ ಹಾಕುವವರೆಗೆ ಕಾಂಕ್ರೀಟ್ ಆರ್ಡರ್ ಹೋಗಬಾರದು. ಆಗ ಪ್ಲಂಬರ್ ಮರೆತ ತೂತನ್ನು ಮೇಸ್ತ್ರಿಯೇ ನೆನಪಿಸುತ್ತಾರೆ.

ಹಿಂದಿನ ಸಂಜೆ ಪ್ರತಿ ಕೋಣೆಯ ಪೈಪುಗಳ ಪಕ್ಕ ಟೇಪು ಹಿಡಿದು, ಗೋಡೆಯಿಂದ ಎಷ್ಟು ದೂರ ಎಂದು ಕಾಣುವಂತೆ ಫೋಟೊ ತೆಗೆದು ಎಲ್ಲರಿರುವ ವಾಟ್ಸಾಪ್ ಗುಂಪಿಗೆ ಹಾಕಿ. ಆರು ತಿಂಗಳ ನಂತರ ಫಾಲ್ಸ್ ಸೀಲಿಂಗಿನವರು ಡ್ರಿಲ್ ಹಿಡಿದು ಬಂದಾಗ ಮೊದಲು ಕೇಳುವುದು ಅದನ್ನೇ.