ಮನೆ ಯಾರಿಗೆ ಎಂದು ಕೇಳುವ ಮುನ್ನ ಸಾಲಪತ್ರ ತೆಗೆದು ನೋಡಿ

ವಿಚ್ಛೇದನದಲ್ಲಿ ಜಗಳವೆಲ್ಲ ಮನೆಯ ಮೇಲೆ. ಆಮೇಲೆ ವರ್ಷಗಟ್ಟಲೆ ಬೆನ್ನು ಬಿಡದೆ ಕಾಡುವುದು ಮಾತ್ರ ಆ ಮನೆಯ ಸಾಲ. ಯಾವ ಆಸ್ತಿ ಪಾಲಿಗೆ ಬರುತ್ತದೆ, ಯಾರಿಗೆ ಎಷ್ಟು ಎಂಬುದನ್ನು ಆಯಾ ದೇಶದ ಕಾನೂನು ಹೇಳುತ್ತದೆ. ಲೆಕ್ಕ ಎಡವುವ ಜಾಗಗಳು ಮಾತ್ರ ಎಲ್ಲೆಡೆ ಹೆಚ್ಚುಕಮ್ಮಿ ಅವೇ.

ಕ್ರಯಪತ್ರದಲ್ಲಿ ಯಾರ ಹೆಸರಿದೆ ಎಂಬುದು ಒಂದು, ಸಾಲಪತ್ರಕ್ಕೆ ಯಾರು ಸಹಿ ಹಾಕಿದ್ದಾರೆ ಎಂಬುದು ಇನ್ನೊಂದು. ಜಂಟಿ ಸಾಲವಾದರೆ ಸಾಮಾನ್ಯವಾಗಿ ಇಬ್ಬರೂ ಪೂರ್ತಿ ಮೊತ್ತಕ್ಕೆ ಹೊಣೆ. ಅರ್ಧ ನನ್ನದು, ಅರ್ಧ ನಿನ್ನದು ಎಂಬ ಮಾತು ಬ್ಯಾಂಕಿನಲ್ಲಿ ನಡೆಯುವುದಿಲ್ಲ. 'ಇನ್ನು ಕಂತು ನಾನೇ ಕಟ್ಟುತ್ತೇನೆ' ಎಂದು ಒಬ್ಬರು ಬರೆದುಕೊಟ್ಟರೂ ಆ ಒಪ್ಪಂದಕ್ಕೆ ಬ್ಯಾಂಕ್ ಸಹಿ ಹಾಕಿಲ್ಲವಲ್ಲ! ಕಂತು ತಪ್ಪಿದರೆ ನೋಟಿಸ್ ಇಬ್ಬರಿಗೂ ಬರುತ್ತದೆ. ಹಕ್ಕು ಬಿಟ್ಟುಕೊಟ್ಟು ಹೊರಟವರ ಪಾಡು ಇನ್ನೂ ಕಷ್ಟ: ಕೈಯಲ್ಲಿ ಮನೆ ಇಲ್ಲ, ತಲೆಯ ಮೇಲೆ ಸಾಲ ಹಾಗೇ ಇದೆ, ಬೇರೆ ಮನೆಗೆ ಸಾಲ ಕೇಳಲು ಹೋದರೆ ಹಳೆಯ ಕಂತೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಮಾಡುವ ಮುನ್ನ, ಕಡೇಪಕ್ಷ ಅದೇ ದಿನ, ಸಾಲದಿಂದ ಹೆಸರು ತೆಗೆದ ಬಗ್ಗೆ ಬ್ಯಾಂಕಿನ ಲಿಖಿತ ಪತ್ರ ಕೈಗೆ ಬರಬೇಕು.

ಈಗ ಲೆಕ್ಕ. ಮನೆಯ ಬೆಲೆ 100, ಬಾಕಿ ಸಾಲ 40 ಎಂದುಕೊಳ್ಳಿ. ಉಳಿಯುವುದು 60, ಸಮಪಾಲಾದರೆ ತಲಾ 30. ಮನೆ ಇಟ್ಟುಕೊಳ್ಳುವವರು ಹಳೆಯ 40ನ್ನೂ ಹೊರಬೇಕು, ಇನ್ನೊಬ್ಬರಿಗೆ 30ನ್ನೂ ಕೊಡಬೇಕು. ಬೇರೆ ಉಳಿತಾಯ ಇಲ್ಲದಿದ್ದರೆ ಅಷ್ಟೂ ಸಾಲವೇ. ಎರಡು ಸಂಬಳ ಎಳೆಯುತ್ತಿದ್ದ 40ರ ಜಾಗದಲ್ಲಿ ಒಂದೇ ಸಂಬಳ 70 ಎಳೆಯಬೇಕು. ಎಷ್ಟೋ ಹಟ ಮುರಿಯುವುದು ಇಲ್ಲೇ. ವಕೀಲರ ಮುಂದೆ ವಾದಕ್ಕೆ ಕೂರುವ ಮೊದಲು ಒಬ್ಬರ ಹೆಸರಿನಲ್ಲಿ ಎಷ್ಟು ಸಾಲ ಸಿಗುತ್ತದೆಂದು ಕೇಳಿಕೊಂಡು ಬಂದರೆ ತಿಂಗಳುಗಟ್ಟಲೆ ಖರ್ಚು ಉಳಿದೀತು.

ಬೆಲೆ ಕಟ್ಟಿಸುವಾಗ ಒಬ್ಬೊಬ್ಬರು ಒಬ್ಬೊಬ್ಬ ಮೌಲ್ಯಮಾಪಕರನ್ನು ಕರೆತಂದರೆ ಎರಡು ಅಂಕಿಗಳ ನಡುವೆ ಹೊಸ ಜಗಳ ಹುಟ್ಟುತ್ತದೆ. ಇಬ್ಬರೂ ಸೇರಿ ಒಬ್ಬರನ್ನೇ ನೇಮಿಸುವುದು ಲೇಸು. ಯಾವ ದಿನದ ಬೆಲೆ ಎಂಬುದನ್ನೂ ಬರೆದಿಡಿ. ಬೇರೆಯಾದ ದಿನಕ್ಕೂ ಪಾಲಾಗುವ ದಿನಕ್ಕೂ ನಡುವೆ ಒಬ್ಬರೇ ಕಂತು ಕಟ್ಟಿ ಅಸಲು 40ರಿಂದ 36ಕ್ಕೆ ಇಳಿಸಿದ್ದರೆ, ಆ 4 ಅವರಿಗೇ ಸಲ್ಲಬೇಕೆಂದು ಕೇಳುತ್ತಾರೆ. ಆ ಮನೆಯಲ್ಲೇ ಇದ್ದದ್ದೂ ಅವರೇ, ಬೇರೆಡೆ ಬಾಡಿಗೆ ಕಟ್ಟಿದ್ದು ನಾನು ಎಂದು ಇನ್ನೊಬ್ಬರ ಉತ್ತರ. ಎರಡೂ ನ್ಯಾಯವೇ. ಬಡ್ಡಿಯನ್ನು ವಾಸದ ಖರ್ಚೆಂದು ಬಿಟ್ಟು, ಅಸಲನ್ನು ಮಾತ್ರ ಎಣಿಸುವುದು ಒಂದು ರಾಜಿ.

ಮನೆಯ 30, ನಗದಿನ 30 ಒಂದೇ ಎಂದು ತಿಳಿದರೆ ಮೋಸ. ಮುಂದೆ ಮಾರುವಾಗ ದಲ್ಲಾಳಿ ಖರ್ಚು ಇದೆ, ಲಾಭದ ಮೇಲೆ ತೆರಿಗೆಯೂ ಬಿದ್ದೀತು. ಅವೆಲ್ಲ ಮನೆ ಇಟ್ಟುಕೊಂಡವರ ತಲೆಗೆ. ಪಾಲು ಹಾಕುವಾಗಲೇ ಅವನ್ನು ಕಳೆಯಬೇಕೇ ಬೇಡವೇ ಎಂದು ತೀರ್ಮಾನಿಸಿಕೊಳ್ಳಿ.

ಮಕ್ಕಳ ಓದು ಮುಗಿಯಲಿ, ಆಮೇಲೆ ಮಾರೋಣ ಎಂಬವರು ಕೊನೆಯ ದಿನಾಂಕ ಬರೆಯಲೇಬೇಕು. ಚಾವಣಿ ಸೋರಿದರೆ ದುಡ್ಡು ಯಾರದು? ಒಬ್ಬರು ಮರುಮದುವೆಯಾದರೆ? ತೀರಿಕೊಂಡರೆ? ಕೆಲವು ಬಗೆಯ ಜಂಟಿ ಒಡೆತನದಲ್ಲಿ ಒಬ್ಬರು ಸತ್ತರೆ ಪೂರ್ತಿ ಮನೆ ಬದುಕಿರುವವರಿಗೇ ಹೋಗುತ್ತದೆ. ಅದು ಬೇಡವಾದರೆ ಪಾಲುಗಳನ್ನು ಬೇರೆ ಬೇರೆಯಾಗಿ ನಮೂದಿಸಿಕೊಳ್ಳಬೇಕು.

ಪಾತ್ರೆ, ಮಂಚ, ಸೋಫಾಗಳಿಗೆ ಹಳೆಯ ಸಾಮಾನಿನ ಬೆಲೆ ಹಾಕಿ, ಸರದಿಯ ಮೇಲೆ ಒಂದೊಂದೇ ಆರಿಸಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ. ಜಂಟಿ ಖಾತೆ, ಜಂಟಿ ಕ್ರೆಡಿಟ್ ಕಾರ್ಡ್ ಬೇಗ ಮುಚ್ಚಿಸಿ. ವಿಮೆ, ಪಿಂಚಣಿ, ಉಯಿಲುಗಳಲ್ಲಿ ಹಳೆಯ ಸಂಗಾತಿಯ ಹೆಸರೇ ಉಳಿದಿದೆಯೇ ಎಂದೂ ತೆಗೆದು ನೋಡಿ.